ಆನ್‌ಲೈನ್‌ನಲ್ಲಿ ಹಳೆ ಸ್ಟ್ಯಾಂಪ್ ಮಾರುವಾಗ: ಫೋಟೊ ಮತ್ತು ವಿವರಣೆ, ಹಂತ ಹಂತವಾಗಿ

ಮಾರಿದ ಸ್ಟ್ಯಾಂಪು ವಾಪಸ್ ಬಂದಾಗ ಜೊತೆಗೆ ಬರುವ ಮಾತು ಹೆಚ್ಚಾಗಿ ಒಂದೇ: "ಫೋಟೊದಲ್ಲಿ ಇದು ಕಾಣಿಸಿರಲಿಲ್ಲ." ಮಾರಿದವರಿಗೆ ಮೋಸ ಮಾಡುವ ಉದ್ದೇಶ ಇರುವುದು ಕಡಿಮೆ. ಅವರು ಸ್ಟ್ಯಾಂಪನ್ನು ತಿರುಗಿಸಿ ನೋಡಿರುವುದೇ ಇಲ್ಲ.

ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಫೋಟೊ ತೆಗೆಯುತ್ತಾರೆ. ಆ ಫೋಟೊ ನೋಡಿಕೊಂಡು ವಿವರಣೆ ಬರೆಯುತ್ತಾರೆ. ಬೆಲೆಯಂತೂ ಮೊದಲೇ ಮನಸ್ಸಿನಲ್ಲಿ ಕೂತಿರುತ್ತದೆ. ಇದನ್ನು ತಿರುಗಿಸಿಕೊಳ್ಳಿ. ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಚೀಟಿಯಲ್ಲಿ ಟಿಪ್ಪಣಿ, ಟಿಪ್ಪಣಿಯ ಪ್ರತಿ ದೋಷಕ್ಕೂ ಒಂದು ಫೋಟೊ, ಬೆಲೆ ಕೊನೆಗೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಮಧ್ಯದಿಂದ ಶುರು ಮಾಡಬೇಡಿ.

## 1. ಮೇಜಿನ ಮೇಲೆ ಏನೇನಿರಬೇಕು

- ಚಪ್ಪಟೆ ತುದಿಯ ಸ್ಟ್ಯಾಂಪ್ ಚಿಮುಟ. ಹುಬ್ಬು ಕೀಳುವ ಚಿಮುಟ ಬೇಡ. ಅದರ ಗೆರೆಗೆರೆಯಾದ ತುದಿ ಕಾಗದವನ್ನು ಕಚ್ಚುತ್ತದೆ.
- 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ
- ಪರ್ಫೊರೇಷನ್ ಗೇಜ್ (ಸ್ಟ್ಯಾಂಪಿನ ಅಂಚಿನ ತೂತುಗಳನ್ನು ಅಳೆಯುವ ಪಟ್ಟಿ) ಮತ್ತು ಮಿಲಿಮೀಟರ್ ಸ್ಕೇಲು
- ಹೊಳಪಿಲ್ಲದ ಕಪ್ಪು ಕಾರ್ಡ್‌ಶೀಟ್
- ಫ್ಲ್ಯಾಟ್‌ಬೆಡ್ ಸ್ಕ್ಯಾನರ್. ಮನೆಯ ಪ್ರಿಂಟರ್ ಜೊತೆ ಬರುವುದೂ ಸಾಕು.
- ಮೊಬೈಲ್, ಅದನ್ನು ಅಲುಗದಂತೆ ನಿಲ್ಲಿಸಲು ಸ್ಟ್ಯಾಂಡ್, ಒಂದು ಸಣ್ಣ ಟಾರ್ಚು
- ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್, ಅಂದರೆ ಸ್ಟ್ಯಾಂಪುಗಳನ್ನು ಸಂಖ್ಯೆ, ಬೆಲೆ ಸಮೇತ ಪಟ್ಟಿ ಮಾಡಿರುವ ಪುಸ್ತಕ. ಗುರುತು ಹಿಡಿಯುವುದಕ್ಕೆ ಹಳೆ ಆವೃತ್ತಿಯೂ ನಡೆಯುತ್ತದೆ. ಬೆಲೆಗೆ ನಡೆಯುವುದಿಲ್ಲ.

ಬೆಲೆಬಾಳುವ ಸ್ಟ್ಯಾಂಪ್ ಮಾರುವವರಿಗೆ 365 ನ್ಯಾನೋಮೀಟರಿನ ಯುವಿ ಟಾರ್ಚು ಇದ್ದರೆ ಒಳ್ಳೆಯದು.

ಕೈ ತೊಳೆದು ಒರೆಸಿಕೊಳ್ಳಿ. ಫ್ಯಾನ್ ಆರಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಅಂಟು ಇರುವ ಸ್ಟ್ಯಾಂಪನ್ನು ಹೊರಗೆ ತೆಗೆದು ಗಂಟೆಗಟ್ಟಲೆ ಇಡಬೇಡಿ. ಗಾಳಿಯ ತೇವಕ್ಕೇ ಅಂಟು ಮೆತ್ತಗಾಗಿ ಕಾರ್ಡಿಗೆ ಹಿಡಿದುಕೊಳ್ಳುತ್ತದೆ.

ಇನ್ನೊಂದು ಮಾತು ಈಗಲೇ ಹೇಳಬೇಕು. ಮಾರುವ ಮೊದಲು "ಸ್ವಲ್ಪ ಚೆಂದ ಮಾಡೋಣ" ಅಂತ ಹೊರಡಬೇಡಿ. ಹಿಂಜ್ (ಆಲ್ಬಮ್ಮಿಗೆ ಹಿಡಿಸಲು ಸ್ಟ್ಯಾಂಪಿನ ಹಿಂದೆ ಅಂಟಿಸುವ ಕಾಗದದ ಚೂರು) ಕೀಳುವುದು, ರಬ್ಬರಿನಿಂದ ಉಜ್ಜುವುದು, ಇಸ್ತ್ರಿ ಹಾಕುವುದು, ಕಲೆಗೆ ಬ್ಲೀಚ್ ಹಚ್ಚುವುದು, ಲಕೋಟೆಯಿಂದ ನೆನೆಸಿ ಬಿಡಿಸುವುದು, ಇದ್ಯಾವುದೂ ಬೇಡ. ಇರುವ ದೋಷಕ್ಕಿಂತ ಸರಿಮಾಡಲು ಹೋಗಿ ಉಳಿದ ಗುರುತಿನಿಂದಲೇ ಬೆಲೆ ಜಾಸ್ತಿ ಇಳಿಯುತ್ತದೆ.

## 2. ಕ್ಯಾಮೆರಾ ಮುಟ್ಟುವ ಮೊದಲು ಪರೀಕ್ಷೆ

ಸ್ಟ್ಯಾಂಪನ್ನು ಸ್ಟಾಕ್‌ಬುಕ್ಕಿನಿಂದ (ಸ್ಟ್ಯಾಂಪ್ ಸಿಕ್ಕಿಸಿಡುವ ಪಟ್ಟಿಗಳಿರುವ ಪುಸ್ತಕ), ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ. ಕಾಗದ, ಪೆನ್ನು ಪಕ್ಕದಲ್ಲಿರಲಿ. ನೋಡುವ ಕ್ರಮ ಹೀಗೆ.

ಮುಂಭಾಗ. ಬಣ್ಣ ಮಾಸಿದೆಯೇ, ಉಜ್ಜಿದ ಜಾಗ ಇದೆಯೇ, ಚಿತ್ರ ನಾಲ್ಕೂ ಅಂಚಿನ ನಡುವೆ ಕೂತಿದೆಯೇ. ಸರಿದಿದ್ದರೆ ಯಾವ ಕಡೆಗೆ ಎಂದು ಬರೆಯಿರಿ. ಬಳಸಿದ ಸ್ಟ್ಯಾಂಪಾದರೆ ಸೀಲು ಎಲ್ಲಿ ಬಿದ್ದಿದೆ, ಊರು, ತಾರೀಖು ಓದಲು ಬರುತ್ತದೆಯೇ ಎಂದೂ ಬರೆಯಿರಿ.

ಹಲ್ಲುಗಳು, ಅಂದರೆ ಅಂಚಿನ ತೂತುಗಳ ನಡುವೆ ಉಳಿದ ಮೊನೆಗಳು. ಕಪ್ಪು ಕಾರ್ಡಿನ ಮೇಲಿಟ್ಟು ನಾಲ್ಕೂ ಬದಿಯನ್ನು ಒಂದೊಂದಾಗಿ ನೋಡಿ. ಮೊಂಡಾದ ಹಲ್ಲು, ಪೂರ್ತಿ ಕಿತ್ತುಹೋದ ಹಲ್ಲು, ಮುರಿದ ಮೂಲೆ, ಇವು ಮೂರೂ ಬೇರೆ ಬೇರೆ. ಒಂದು ಬದಿ ಮಾತ್ರ ಅತಿ ಚೊಕ್ಕವಾಗಿದ್ದು, ಅದರ ತೂತುಗಳ ಆಕಾರ ಉಳಿದ ಮೂರು ಬದಿಗೆ ಹೊಂದದಿದ್ದರೆ ಅನುಮಾನಪಡಿ. ಹಲ್ಲಿಲ್ಲದ ಬದಿಗೆ ಆಮೇಲೆ ತೂತು ಹೊಡೆದಿರಬಹುದು.

ಹಿಂಭಾಗ. ಜಾಸ್ತಿ ಹೊತ್ತು ಇಲ್ಲಿ ಕೊಡಿ. ಬಳಸದ ಸ್ಟ್ಯಾಂಪಿನ ಅರ್ಧ ಬೆಲೆ ಇರುವುದು ಇಲ್ಲೇ ಎಂದರೂ ತಪ್ಪಿಲ್ಲ. ಅಂಟು ಪೂರ್ತಿ ಇದ್ದು ಹಿಂಜ್ ಮುಟ್ಟಿದ ಗುರುತೇ ಇಲ್ಲದಿದ್ದರೆ ಅದು ಎಂಎನ್‌ಎಚ್ (ಮಿಂಟ್ ನೆವರ್ ಹಿಂಜ್ಡ್). ಹಿಂಜ್ ಅಂಟಿಸಿದ ಕಲೆ ಅಥವಾ ಅದರ ಚೂರು ಇದ್ದರೆ ಎಂಎಚ್ (ಮಿಂಟ್ ಹಿಂಜ್ಡ್). ಅಂಟೇ ಇಲ್ಲದಿದ್ದರೆ ಹಾಗೆಂದೇ ಬರೆಯಬೇಕು. ನಾಲ್ಕನೆಯದು ಹೊಸದಾಗಿ ಅಂಟು ಬಳಿದದ್ದು. ಅದನ್ನು ಹಿಡಿಯುವುದು ಹೇಗೆ? ಕಾರ್ಖಾನೆಯಲ್ಲಿ ಮೊದಲು ಅಂಟು ಬಳಿದು ಆಮೇಲೆ ತೂತು ಹೊಡೆಯುತ್ತಾರೆ. ಹಾಗಾಗಿ ಹಲ್ಲಿನ ತುದಿಯಲ್ಲಿ ಕಾಗದದ ಎಳೆಗಳು ಮೆತ್ತಗೆ, ಬಿಡಿಬಿಡಿಯಾಗಿ ಇರುತ್ತವೆ. ಆಮೇಲೆ ಅಂಟು ಬಳಿದರೆ ಅದು ತುದಿಗೂ ಹರಿದು ಎಳೆಗಳು ಒಟ್ಟಿಗೆ ಗಟ್ಟಿಯಾಗಿರುತ್ತವೆ. ಭೂತಗನ್ನಡಿಯಲ್ಲಿ ಇದು ಕಾಣುತ್ತದೆ.

ಹಿಂದೆ ಕಂದು ಚುಕ್ಕೆ ಇದೆಯೇ ನೋಡಿ. ನಮ್ಮ ಹವೆಯಲ್ಲಿ ಇದು ತೀರಾ ಸಾಮಾನ್ಯ. ಹಲ್ಲಿನ ತುದಿಯಲ್ಲಿ ಶುರುವಾಗಿ ಒಳಗೆ ಹರಡುತ್ತದೆ. ಮುಂದಿನಿಂದ ಏನೂ ಕಾಣದೆ ಹಿಂದೆ ಹರಡಿಕೊಂಡಿರುವುದುಂಟು.

ಬೆಳಕಿಗೆ ಹಿಡಿದು. ಸ್ಟ್ಯಾಂಪನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ಹಿಂಜ್ ಕೀಳುವಾಗ ಕಾಗದದ ಪದರ ಸುಲಿದ ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಸಂಗ್ರಾಹಕರು 'ಥಿನ್' ಎನ್ನುವುದು ಇದನ್ನೇ. ಪಿನ್ನಿನ ತೂತು, ಸಣ್ಣ ಸೀಳು ಕೂಡ ಆಗಲೇ ಸಿಕ್ಕಿಬೀಳುತ್ತವೆ. ತೇಪೆ ಹಾಕಿದ್ದರೆ ಅಲ್ಲಿ ಕಪ್ಪಾಗಿ ಕಾಣುತ್ತದೆ.

ಓರೆ ಬೆಳಕಲ್ಲಿ. ಕೋಣೆ ಸ್ವಲ್ಪ ಕತ್ತಲೆ ಮಾಡಿ, ಟಾರ್ಚನ್ನು ಮೇಜಿನ ಮಟ್ಟದಲ್ಲೇ ಮಲಗಿಸಿ ಬೆಳಕು ಬಿಡಿ. ಮಡಿಸಿದ ಗೆರೆ, ಉಬ್ಬು ತಗ್ಗು, ಬಿರುಕು ಬಿಟ್ಟ ಅಂಟು ಎಲ್ಲಕ್ಕೂ ನೆರಳು ಬೀಳುತ್ತದೆ.

ಯುವಿ ಟಾರ್ಚಿದ್ದರೆ ಬ್ರಿಟಿಷ್ ಇಂಡಿಯಾದ ದೊಡ್ಡ ಮುಖಬೆಲೆಯ ಸ್ಟ್ಯಾಂಪಿಗೆ ಬಳಸಿ. ಆ ಸ್ಟ್ಯಾಂಪುಗಳು ತಂತಿ ಕಳಿಸುವುದಕ್ಕೆ, ಕಾಗದಪತ್ರಕ್ಕೆ ಕೂಡ ಬಳಕೆಯಾಗಿದ್ದವು. ಪೆನ್ನಿನ ಗೀಟು ತೊಳೆದು, ಹೊಸ ಅಂಟು ಬಳಿದು, ಬಳಸದ್ದೆಂದು ಮಾರುವ ಚಾಳಿ ಹಳೆಯದು. ತೊಳೆದ ಶಾಯಿಯ ಜಾಡು ಯುವಿ ಬೆಳಕಿನಲ್ಲಿ ಎಷ್ಟೋ ಸಲ ಮತ್ತೆ ಕಾಣುತ್ತದೆ.

ವಾಟರ್‌ಮಾರ್ಕ್ (ಕಾಗದದೊಳಗೇ ಮೂಡಿಸಿದ ಗುರುತು) ನೋಡಲು ದ್ರಾವಣ ಬಳಸುವವರಿದ್ದಾರೆ. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ, ಮೇಲಾಗಿ ಫೋಟೊಗ್ರೇವ್ಯೂರ್ ಮುದ್ರಣದ ಕೆಲವು ಶಾಯಿಗಳು ಅದರಲ್ಲಿ ಕರಗುತ್ತವೆ. ಅಭ್ಯಾಸ ಇಲ್ಲದಿದ್ದರೆ ಮಾರುವ ಸ್ಟ್ಯಾಂಪಿನ ಮೇಲೆ ಕಲಿಯಬೇಡಿ.

## 3. ಇದು ಯಾವ ಸ್ಟ್ಯಾಂಪ್? ಮೊದಲು ಖಚಿತ ಮಾಡಿಕೊಳ್ಳಿ

ಸ್ಥಿತಿಯನ್ನು ಎಷ್ಟು ಪ್ರಾಮಾಣಿಕವಾಗಿ ಬರೆದರೂ ಸ್ಟ್ಯಾಂಪಿನ ಹೆಸರೇ ತಪ್ಪಿದ್ದರೆ ಏನು ಪ್ರಯೋಜನ? ಚಿತ್ರ ಒಂದೇ ಇದ್ದು ಹಲ್ಲಿನ ಅಳತೆ ಅಥವಾ ವಾಟರ್‌ಮಾರ್ಕ್ ಬೇರೆ ಇರುವ ಸ್ಟ್ಯಾಂಪುಗಳು ಬೇಕಾದಷ್ಟಿವೆ. ಗೇಜ್ ಇಟ್ಟು 2 ಸೆಂಟಿಮೀಟರಿನಲ್ಲಿ ಎಷ್ಟು ತೂತು ಎಂದು ಅಳೆಯಿರಿ. ಮೇಲಿನ ಬದಿ, ಪಕ್ಕದ ಬದಿ ಎರಡನ್ನೂ ಅಳೆಯಿರಿ. ತಿರುವಾಂಕೂರಿನದಾದರೆ ಶಂಖದ ವಾಟರ್‌ಮಾರ್ಕ್, ಕೊಚ್ಚಿನ್‌ನದಾದರೆ ಕೊಡೆ ಹುಡುಕಿ. ಕಂಡದ್ದನ್ನು ಮಾತ್ರ ಬರೆಯಿರಿ.

ಜನ ಮತ್ತೆ ಮತ್ತೆ ಸಿಕ್ಕಿಬೀಳುವ ಕೆಲವು ಕಡೆಗಳಿವೆ.

ಭಾರತದ 1949ರ ಸರಣಿಯ 1 ಆಣೆ ಸ್ಟ್ಯಾಂಪಿನಲ್ಲಿ ಬೋಧಿಸತ್ವನ ಚಿತ್ರ ಎಡಬಲ ತಿರುಗಿ ಅಚ್ಚಾಗಿತ್ತು. 1950ರಲ್ಲಿ ಸರಿಪಡಿಸಿದ್ದು ಬಂತು. ಮೊದಲನೆಯದನ್ನು "ಅಪರೂಪದ ಎರರ್" ಎಂದು ಕೂಗಿ ಮಾರುತ್ತಾರೆ. ತಪ್ಪಿರುವುದು ನಿಜ, ಆದರೆ ಆ ತಪ್ಪು ಇಡೀ ಮುದ್ರಣಕ್ಕೇ ಇತ್ತು. ಎಲ್ಲೋ ಒಂದು ಹಾಳೆಯಲ್ಲಿ ಮಾತ್ರ ಆದ ತಪ್ಪಿನ ಬೆಲೆ ಅದಕ್ಕೆ ಬರುವುದಿಲ್ಲ.

'ಮೈಸೂರು ಸಂಸ್ಥಾನದ ಅಂಚೆಚೀಟಿ' ಎಂಬ ತಲೆಬರಹವೂ ಆಗಾಗ ಕಾಣುತ್ತದೆ. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅದು ತನ್ನದೇ ಅಂಚೆಚೀಟಿ ಹೊರತರಲೇ ಇಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಗಂಡಭೇರುಂಡದ ಚೀಟಿ ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟ್ಯಾಂಪ್ ಆಗಿರುತ್ತದೆ. ಅದಕ್ಕೂ ಸಂಗ್ರಾಹಕರಿದ್ದಾರೆ, ನಾಚಿಕೆಪಡಬೇಕಿಲ್ಲ. 'ಮೈಸೂರು ಕೋರ್ಟ್ ಫೀ ಸ್ಟ್ಯಾಂಪ್' ಎಂದೇ ಬರೆಯಿರಿ. ಪಂಚ್ ಮಾಡಿದ ತೂತು, ಪೆನ್ನಿನ ಗೀಟು ಇದ್ದರೆ ತೋರಿಸಿ.

ಇನ್ನು ನಕಲಿಗಳ ಮಾತು. 1852ರ ಸಿಂಧ್ ಡಾಕ್ ಅಂಚೆಚೀಟಿ, 1948ರ ಗಾಂಧಿ ಸರಣಿಯ 10 ರೂಪಾಯಿ, ಸಂಸ್ಥಾನಗಳ ಹೆಸರನ್ನು ಮೇಲೆ ಅಚ್ಚು ಹಾಕಿದ ಸ್ಟ್ಯಾಂಪುಗಳು, ಇವಕ್ಕೆಲ್ಲ ನಕಲಿಗಳ ಕಾಟ ಇದೆ. ಗಾಂಧಿ ಸರಣಿ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದದ್ದು. ಅದರ ಫೋಟೊಗ್ರೇವ್ಯೂರ್ ಕೆಲಸ ಬಹಳ ನಯ. ಭೂತಗನ್ನಡಿಯಲ್ಲಿ ಮುಖದ ಮೇಲೆ ಇಂಕ್‌ಜೆಟ್ ಪ್ರಿಂಟರಿನಂಥ ಬಣ್ಣಬಣ್ಣದ ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಕಾಣದಿದ್ದರೂ ಅಸಲಿ ಎಂದು ತೀರ್ಮಾನ ಮಾಡಬೇಡಿ. ಇಂಥ ಸ್ಟ್ಯಾಂಪಿಗೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಪರಿಣತರ ಸಮಿತಿ ಅಥವಾ ಬ್ರಿಟನ್ನಿನ ಸ್ಟ್ಯಾಂಪ್ ಪರೀಕ್ಷಾ ಸಂಸ್ಥೆ ಬಿಪಿಎದ ಪರಿಣತರ ಪ್ರಮಾಣಪತ್ರ ಇದ್ದರೆ ಅದರ ಪೂರ್ತಿ ಫೋಟೊ ಹಾಕಿ. ಇಲ್ಲದಿದ್ದರೆ "ಪ್ರಮಾಣಪತ್ರ ಇಲ್ಲ, ಪರೀಕ್ಷೆ ಮಾಡಿಸಿಲ್ಲ" ಎಂದು ಬರೆಯಿರಿ. "100% ಅಸಲಿ ಗ್ಯಾರಂಟಿ" ಎಂಬ ಸಾಲು ಪ್ರಮಾಣಪತ್ರದ ಬದಲಿಗೆ ಬರುವುದಿಲ್ಲ.

## 4. ಸ್ಕ್ಯಾನ್: ಮುಂದೆ, ಹಿಂದೆ

ಗಾಜನ್ನು ಒರೆಸಿ. ಸ್ಟ್ಯಾಂಪನ್ನು ನೇರವಾಗಿಟ್ಟು ಮೇಲೆ ಕಪ್ಪು ಕಾರ್ಡು ಮುಚ್ಚಿ. ಬಿಡಿ ಸ್ಟ್ಯಾಂಪಿಗೆ 600 ಡಿಪಿಐ ಸಾಕು. ಒಂದು ದೋಷವನ್ನೋ ಸೀಲನ್ನೋ ದೊಡ್ಡದಾಗಿ ತೋರಿಸಬೇಕಾದರೆ 1200. ಪೂರ್ತಿ ಹಾಳೆ, ಲಾಟ್‌ಗಳಿಗೆ (ಒಟ್ಟಿಗೆ ಮಾರುವ ಸ್ಟ್ಯಾಂಪುಗಳ ರಾಶಿ) 300 ನಡೆಯುತ್ತದೆ.

ಸ್ಕ್ಯಾನ್ ಒತ್ತುವ ಮೊದಲು ಸಾಫ್ಟ್‌ವೇರಿನ ಸೆಟ್ಟಿಂಗ್ ತೆರೆದು ನೋಡಿ. ಬಣ್ಣ ತಾನಾಗಿ ತಿದ್ದುವುದು, ಧೂಳು ಅಳಿಸುವುದು, ಅಂಚು ಚೂಪು ಮಾಡುವುದು, ಎಲ್ಲವನ್ನೂ ಆಫ್ ಮಾಡಿ. ಧೂಳು ಅಳಿಸುವ ಸೌಲಭ್ಯ ಕಂದು ಚುಕ್ಕೆಯನ್ನೂ ಧೂಳೆಂದು ಅಳಿಸಿಬಿಡುತ್ತದೆ. ನೀವು ಮುಚ್ಚಿಡಲಿಲ್ಲ, ಮಷೀನು ಮುಚ್ಚಿಟ್ಟಿತು. ಆದರೆ ಕೊಂಡವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಲ್ವಾ?

ಹಿನ್ನೆಲೆ ಕಪ್ಪಾಗಿರಲಿ ಎನ್ನುವುದು ಅಂದಕ್ಕಲ್ಲ. ಬಿಳಿ ಕಾಗದದ ಮೇಲೆ ಬಿಳಿ ಹಲ್ಲು ಕಾಣುವುದಿಲ್ಲ. ಹಲ್ಲೇ ಇಲ್ಲದ, ಕತ್ತರಿಯಿಂದ ಕತ್ತರಿಸಿದ ಹಳೆ ಸ್ಟ್ಯಾಂಪುಗಳಿಗಂತೂ ಇದೇ ಮುಖ್ಯ. 1854ರ 4 ಆಣೆಯನ್ನೇ ತೆಗೆದುಕೊಳ್ಳಿ. ಕೆಂಪು ಎಂಟು ಮೂಲೆಯ ಚೌಕಟ್ಟು, ಒಳಗೆ ನೀಲಿ ರಾಣಿ. ಸುತ್ತ ಬಿಳಿ ಅಂಚು ಬಿಟ್ಟು ಚೌಕವಾಗಿ ಕತ್ತರಿಸಿದ್ದಕ್ಕೂ, ಎಂಟು ಮೂಲೆಯ ಗೆರೆಗೇ ಕತ್ತರಿಸಿದ್ದಕ್ಕೂ ಬೆಲೆಯಲ್ಲಿ ಅಜಗಜಾಂತರ. ಬಿಳಿ ಹಿನ್ನೆಲೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಸ್ಟ್ಯಾಂಪಿನ ಸುತ್ತ 3–4 ಮಿಲಿಮೀಟರ್ ಕಪ್ಪು ಬಿಟ್ಟು ಕ್ರಾಪ್ ಮಾಡಿ. ಹಲ್ಲಿನ ತುದಿಗೇ ಕ್ರಾಪ್ ಮಾಡಿದ ಫೋಟೊ ನೋಡಿದರೆ ಅನುಭವಿ ಸಂಗ್ರಾಹಕ ಮುಂದೆ ಹೋಗುತ್ತಾನೆ. ಹಿಂಭಾಗವನ್ನು ಅದೇ ಸೆಟ್ಟಿಂಗಿನಲ್ಲಿ, ಅದೇ ಅಳತೆಯಲ್ಲಿ ಸ್ಕ್ಯಾನ್ ಮಾಡಿ. ಬಳಸಿದ ಸ್ಟ್ಯಾಂಪಿಗೂ ಹಿಂಭಾಗ ಬೇಕು, ಥಿನ್ ಇರುವುದು ಅಲ್ಲೇ.

ಬಣ್ಣ ತೆರೆಯ ಮೇಲೆ ಬೇರೆಯಾಗಿ ಕಂಡರೆ ಸ್ಲೈಡರ್ ಎಳೆದು "ಸರಿ" ಮಾಡಬೇಡಿ. ಒಂದೇ ಸ್ಟ್ಯಾಂಪಿನ ಎರಡು ಛಾಯೆಗಳಿಗೆ ಬೇರೆ ಬೇರೆ ಬೆಲೆ ಇರುತ್ತದೆ. "ನಿಜ ಬಣ್ಣ ಫೋಟೊಗಿಂತ ಸ್ವಲ್ಪ ತಿಳಿ" ಎಂದು ಒಂದು ಸಾಲು ಬರೆದರೆ ಮುಗಿಯಿತು.

## 5. ಸ್ಕ್ಯಾನರ್ ಮರೆಮಾಚುವುದನ್ನು ಮೊಬೈಲಿನಲ್ಲಿ ತೋರಿಸಿ

ಸ್ಕ್ಯಾನರಿನ ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ. ನೆರಳಿಲ್ಲ, ಹಾಗಾಗಿ ಮಡಿಕೆಯೂ ಕಾಣುವುದಿಲ್ಲ. ಎರಡನೆಯ ಹಂತದಲ್ಲಿ ಓರೆ ಬೆಳಕಿನಲ್ಲಿ ಏನು ಕಂಡಿರೋ ಅದನ್ನು ಅದೇ ಬೆಳಕಿನಲ್ಲಿ ಮೊಬೈಲಿನಿಂದ ತೆಗೆಯಬೇಕು. ಬೆಳಕಿಗೆ ಹಿಡಿದಾಗ ಕಂಡ ಥಿನ್‌ಗೂ ಹಾಗೇ.

ಮೊಬೈಲನ್ನು ಸ್ಟ್ಯಾಂಡಿನಲ್ಲಿ ಮೇಜಿಗೆ ಸಮಾನಾಂತರವಾಗಿ ನಿಲ್ಲಿಸಿ. ತೀರಾ ಹತ್ತಿರ ಹೋಗದೆ ಸ್ವಲ್ಪ ಮೇಲಿಟ್ಟು 2 ಪಟ್ಟು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಮೊಬೈಲಿನದೇ ನೆರಳೂ ಬೀಳುತ್ತದೆ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಕೆಲವು ಮೊಬೈಲುಗಳಲ್ಲಿ ದೃಶ್ಯ ಗುರುತಿಸಿ ತಾನೇ ಚೆಂದಗಾಣಿಸುವ ಸೌಲಭ್ಯ ಇರುತ್ತದೆ, ಅದನ್ನು ಹುಡುಕಿ ಆರಿಸಿ. ಸಾಮಾನ್ಯ ಫೋಟೊಗೆ ಬಿಸಿಲು ನೇರ ಬೀಳದ ಕಿಟಕಿಯ ಬೆಳಕು ಸಾಕು.

ಎಷ್ಟು ಫೋಟೊ? ಹತ್ತಿಪ್ಪತ್ತು ರೂಪಾಯಿಯ ಸ್ಟ್ಯಾಂಪಿಗೆ ಮುಂದೆ, ಹಿಂದೆ, ಎರಡೇ. ಸಾವಿರ ದಾಟಿದರೆ ಇವೆರಡರ ಜೊತೆ ಓರೆ ಬೆಳಕಿನದು, ಬೆಳಕಿಗೆ ಹಿಡಿದದ್ದು, ಸ್ಕೇಲು ಪಕ್ಕಕ್ಕಿಟ್ಟದ್ದು, ಆಮೇಲೆ ಪ್ರತಿ ದೋಷದ ಹತ್ತಿರದ ನೋಟ. ಏನೂ ದೋಷ ಸಿಗದಿದ್ದರೂ ಓರೆ ಬೆಳಕಿನ ಫೋಟೊ ಹಾಕಿ. ನೀವು ನೋಡಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ. ಮೊದಲು ಹೋಗುವುದೇ ಹಲ್ಲು ಮತ್ತು ಚುಕ್ಕೆಗಳ ವಿವರ.

## 6. ವಿವರಣೆ ಬರೆಯುವುದು

ಟಿಪ್ಪಣಿ ಚೀಟಿ ಮುಂದಿಟ್ಟುಕೊಳ್ಳಿ. ಅದರಲ್ಲಿರುವುದನ್ನೇ ಈ ಕ್ರಮದಲ್ಲಿ ಬರೆಯಿರಿ: ದೇಶ ಮತ್ತು ವರ್ಷ, ಮುಖಬೆಲೆ, ಚಿತ್ರ, ಕ್ಯಾಟಲಾಗ್ ಸಂಖ್ಯೆ, ಬಳಸಿದ್ದೋ ಬಳಸದ್ದೋ, ಮುಂಭಾಗ, ಹಲ್ಲು, ಹಿಂಭಾಗ, ದೋಷಗಳು, ಕೊನೆಗೆ ನೀವು ಪರೀಕ್ಷೆ ಮಾಡದೆ ಬಿಟ್ಟದ್ದು.

1949ರ 6 ಆಣೆ, ವಿಜಯಪುರದ ಗೋಳಗುಮ್ಮಟದ ಸ್ಟ್ಯಾಂಪ್ ಮಾರುತ್ತಿದ್ದೀರಿ ಅಂದುಕೊಳ್ಳಿ. ಸಾಮಾನ್ಯವಾಗಿ ಕಾಣುವ ವಿವರಣೆ ಇದು:

*"ಅತಿ ಅಪರೂಪದ ಹಳೆಯ ಗೋಳಗುಮ್ಮಟ ಸ್ಟ್ಯಾಂಪ್, ಸೂಪರ್ ಕಂಡೀಷನ್, ವಯಸ್ಸಿಗೆ ತಕ್ಕ ಸಣ್ಣಪುಟ್ಟ ಗುರುತು, ಫೋಟೊ ನೋಡಿ ನಿರ್ಧರಿಸಿ."*

ಇರಬೇಕಾದದ್ದು ಹೀಗೆ:

*"ಭಾರತ, 1949, 6 ಆಣೆ, ಗೋಳಗುಮ್ಮಟ. ಬಳಸದ್ದು, ಮೂಲ ಅಂಟು, ಹಿಂಜ್ ಆಗಿದೆ; ಹಿಂಜಿನ ಚೂರು ಮೇಲ್ಭಾಗದಲ್ಲಿ ಉಳಿದಿದೆ. ಬಣ್ಣ ಮಾಸಿಲ್ಲ. ಚಿತ್ರ ಬಲಕ್ಕೆ ಸರಿದಿದೆ. ಕೆಳಗಿನ ಬದಿಯಲ್ಲಿ ಒಂದು ಹಲ್ಲು ಮೊಂಡು (ಫೋಟೊ 3). ಹಿಂದೆ ಎಡ ಮೂಲೆಯಲ್ಲಿ ಎರಡು ಕಂದು ಚುಕ್ಕೆ, ಮುಂದೆ ಕಾಣುವುದಿಲ್ಲ (ಫೋಟೊ 4). ಮಡಿಕೆ, ಥಿನ್ ಕಂಡಿಲ್ಲ. ಯುವಿಯಲ್ಲಿ ನೋಡಿಲ್ಲ."*

ಎರಡನೆಯದನ್ನು ಓದಿದವರು ಬೆಲೆಯ ಬಗ್ಗೆ ಚೌಕಾಶಿ ಮಾಡಬಹುದು. ಸ್ಟ್ಯಾಂಪಿನ ಬಗ್ಗೆ ಜಗಳ ಮಾಡುವುದಿಲ್ಲ.

ದೋಷಕ್ಕೆ ಜಾಗ ಮತ್ತು ಅಳತೆ ಎರಡೂ ಬೇಕು. "ಸ್ವಲ್ಪ ಥಿನ್" ಎಂದರೆ ಸಾಸಿವೆ ಕಾಳಿನಷ್ಟೋ ಅರ್ಧ ಸ್ಟ್ಯಾಂಪೋ ಹೇಗೆ ತಿಳಿಯಬೇಕು? "ಮೇಲ್ಭಾಗದ ನಡುವೆ 2 ಮಿಲಿಮೀಟರ್ ಥಿನ್" ಎನ್ನಿ. ಎಂಎನ್‌ಎಚ್ ಎಂಬ ಅಕ್ಷರಗಳನ್ನು ಸುಮ್ನೆ ಎಲ್ಲದಕ್ಕೂ ಹಚ್ಚಬೇಡಿ. ಅಂಟಿನ ಮೇಲೆ ಹಿಂಜಿನ ಅತಿ ಸಣ್ಣ ಗುರುತು ಇದ್ದರೂ ಅದು ಎಂಎನ್‌ಎಚ್ ಅಲ್ಲ. ನನ್ನ ಮಟ್ಟಿಗೆ ಈ ವ್ಯಾಪಾರದಲ್ಲಿ ಅತಿ ಜಾಸ್ತಿ ದುರುಪಯೋಗ ಆಗಿರುವುದು ಈ ಮೂರಕ್ಷರ.

ಬಳಸಿದ ಸ್ಟ್ಯಾಂಪಿನ ಸೀಲು ಒಂದೇ ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಿದ್ದು, ಹಿಂದೆ ಪೂರ್ತಿ ಅಂಟಿದ್ದರೆ ಅದು ಅಂಚೆಯಲ್ಲಿ ಓಡಾಡಿದ್ದೇ ಅಲ್ಲ, ಸಂಗ್ರಾಹಕರಿಗೆಂದೇ ಸೀಲು ಹೊಡೆದದ್ದು. ಅದನ್ನು 'ಸಿಟಿಒ' (ಕ್ಯಾನ್ಸಲ್ಡ್ ಟು ಆರ್ಡರ್) ಎಂದು ಬರೆಯಿರಿ.

## 7. ಲಾಟ್, ಬ್ಲಾಕ್, ಕವರ್

ಲಾಟ್: ಮೇಲೆ ಹತ್ತು ಒಳ್ಳೆಯದನ್ನು ಹರಡಿ ಫೋಟೊ ತೆಗೆದು "200 ಸ್ಟ್ಯಾಂಪ್" ಎಂದು ಮಾರುವುದು ನಡೆದೇ ಇದೆ. ಎಲ್ಲವನ್ನೂ ತೋರಿಸಿ. ಆಗದಷ್ಟು ಇದ್ದರೆ ಒಂದರ ಮೇಲೊಂದು ಬಾರದಂತೆ ಹರಡಿ, ಹರಿದದ್ದು ಸುಮಾರು ಎಷ್ಟು, ಒಂದೇ ಸ್ಟ್ಯಾಂಪ್ ಎಷ್ಟು ಸಲ ಬಂದಿದೆ ಎಂದು ಬರೆಯಿರಿ.

ಬ್ಲಾಕ್: ನಾಲ್ಕು ಸ್ಟ್ಯಾಂಪು ಬಿಡಿಸದೆ ಒಟ್ಟಿಗಿರುವ ಬ್ಲಾಕಿನಲ್ಲಿ ನಡುವಿನ ಹಲ್ಲುಗಳು ಬಿಡುತ್ತಿವೆಯೇ, ಹಿಂದೆ ಹಿಂಜ್ ಹಾಕಿ ಹಿಡಿಸಿದ್ದಾರೆಯೇ ನೋಡಿ. ಮಿನಿಯೇಚರ್ ಶೀಟಿಗೆ (ಸ್ಟ್ಯಾಂಪಿರುವ ಸಣ್ಣ ಅಲಂಕಾರದ ಹಾಳೆ) ಮೂಲೆಗಳ ಹತ್ತಿರದ ಫೋಟೊ ಬೇಕು.

ಫಸ್ಟ್ ಡೇ ಕವರ್ (ಸ್ಟ್ಯಾಂಪ್ ಬಿಡುಗಡೆಯಾದ ದಿನದ ಸೀಲಿರುವ ಲಕೋಟೆ), ಹಳೆ ಲಕೋಟೆ: ವಿಳಾಸ ಬರೆದಿದೆಯೇ, ಹೇಗೆ ತೆರೆದಿದ್ದಾರೆ, ಸ್ಟೇಪ್ಲರ್ ಪಿನ್ನಿನ ತುಕ್ಕು ಇದೆಯೇ, ಒಳಗಿನ ಮಾಹಿತಿ ಚೀಟಿ ಇದೆಯೇ. ದಪ್ಪ ಲಕೋಟೆ ಕೆಲವು ತೆಳು ಸ್ಕ್ಯಾನರುಗಳಲ್ಲಿ ಮಸುಕಾಗುತ್ತದೆ, ಮೊಬೈಲೇ ವಾಸಿ. ಲಕೋಟೆಯ ಮೇಲೆ ಖಾಸಗಿಯವರ ಈಚಿನ ವಿಳಾಸ, ಫೋನ್ ನಂಬರ್ ಇದ್ದರೆ ಆನ್‌ಲೈನ್ ಫೋಟೊದಲ್ಲಿ ಆ ಭಾಗ ಮುಚ್ಚಿ, ಮುಚ್ಚಿದ್ದೀರಿ ಎಂದೂ ಹೇಳಿ.

ಇನ್ನೊಂದು ವಿಚಿತ್ರ ಸಾಲು. 2006ರ ಶ್ರೀಗಂಧದ ಸ್ಟ್ಯಾಂಪ್, 2017ರ ಕಾಫಿ ಸ್ಟ್ಯಾಂಪ್ ಎರಡಕ್ಕೂ ಪರಿಮಳ ಇತ್ತು. ಪರಿಮಳದ ಫೋಟೊ ತೆಗೆಯಲು ಬರುವುದಿಲ್ಲ. ಮೂಸಿ ನೋಡಿ, ಈಗಲೂ ಇದೆಯೋ ಹೋಗಿದೆಯೋ ಬರೆಯಿರಿ. ಹೀಗೆ ಬರೆಯುವವರು ಕಡಿಮೆ, ಕೇಳುವವರು ಜಾಸ್ತಿ.

## 8. ತಲೆಬರಹ, ಆಮೇಲೆ ಬೆಲೆ

ತಲೆಬರಹದಲ್ಲಿ ದೇಶ, ವರ್ಷ, ಮುಖಬೆಲೆ, ಚಿತ್ರ, ಸ್ಥಿತಿ. ದೊಡ್ಡ ದೋಷ ಇದ್ದರೆ ಅದೂ ಇಲ್ಲೇ: "ಥಿನ್ ಇದೆ", "ಅಂಟಿಲ್ಲ". ಕೆಳಗೆ ಹತ್ತನೇ ಸಾಲಿನಲ್ಲಿ ಹೇಳಿದರೆ ಬಚ್ಚಿಟ್ಟಂತೆಯೇ.

ಕ್ಯಾಟಲಾಗ್ ಬೆಲೆ ಒಳ್ಳೆಯ ಸ್ಥಿತಿಯ ಪ್ರತಿಗೆ. ಥಿನ್, ಮಡಿಕೆ, ಕಿತ್ತ ಹಲ್ಲು ಇರುವ ಸ್ಟ್ಯಾಂಪಿಗೆ ಅದನ್ನೇ ಹಾಕಿ "50% ರಿಯಾಯಿತಿ" ಅನ್ನಬೇಡಿ. ಬಳಸದ್ದಕ್ಕೂ ಬಳಸಿದ್ದಕ್ಕೂ ಬೇರೆ ಬೇರೆ ಅಂಕಣ ಇರುತ್ತದೆ, ನೋಡಿ ಬರೆಯಿರಿ. ಅದೇ ಸ್ಥಿತಿಯದು ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಿತು ಎಂಬುದೇ ಗಟ್ಟಿ ಅಳತೆ. ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಲಕ್ಷ ರೂಪಾಯಿ ಕೇಳುವುದಕ್ಕೆ ಯಾರಿಗೂ ಖರ್ಚಿಲ್ಲ.

## 9. ಹಾಕುವ ಮುನ್ನ ಕೊನೆಯ ನೋಟ

ಫೋಟೊಗಳನ್ನು ಸ್ಟ್ಯಾಂಪ್ ಗೊತ್ತಿಲ್ಲದ ಮನೆಯವರೊಬ್ಬರ ಮೊಬೈಲಿನಲ್ಲಿ ತೆರೆದು, ವಿವರಣೆಯಲ್ಲಿರುವ ಒಂದೊಂದು ದೋಷವನ್ನೂ ಬೆರಳಿಟ್ಟು ತೋರಿಸಲು ಹೇಳಿ. ಅವರಿಗೆ ಸಿಗದಿದ್ದರೆ ಆ ಫೋಟೊ ಮತ್ತೆ ತೆಗೆಯಿರಿ.

ಈ ಕೆಳಗಿನದು ಒಂದಾದರೂ ಕಂಡರೆ ಹಾಕುವುದನ್ನು ನಿಲ್ಲಿಸಿ:

- ಹಿಂಭಾಗದ ಫೋಟೊ ಇಲ್ಲ
- ಸ್ಟ್ಯಾಂಪ್ ಇನ್ನೂ ಪ್ಲಾಸ್ಟಿಕ್ ಒಳಗೇ ಇದೆ, ಮೇಲೆ ಹೊಳಪು ಬಿದ್ದಿದೆ
- ಸ್ಟಾಕ್‌ಬುಕ್ಕಿನ ಪಟ್ಟಿ ಕೆಳಗಿನ ಹಲ್ಲುಗಳನ್ನು ಮುಚ್ಚಿದೆ
- ಫೋಟೊ ಬೇರೆ ಪ್ರತಿಯದು, ಅಥವಾ ಇಂಟರ್‌ನೆಟ್ಟಿನಿಂದ ತೆಗೆದದ್ದು
- ಇರುವ ಐದರಲ್ಲಿ ಒಳ್ಳೆಯದರ ಫೋಟೊ ಹಾಕಿ, ಯಾವುದು ಹೋಗುತ್ತದೆ ಎಂದು ಹೇಳಿಲ್ಲ

## 10. ಕಳಿಸುವುದು, ವಾಪಸ್ ತೆಗೆದುಕೊಳ್ಳುವುದು

ಅಂಟಿರುವ ಸ್ಟ್ಯಾಂಪನ್ನು ಗ್ಲಾಸೀನ್ (ನಯವಾದ, ಅರೆಪಾರದರ್ಶಕ ಕಾಗದ) ಲಕೋಟೆಯಲ್ಲಿ ಹಾಕಿ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಹೊರಗೆ ನೀರು ಇಳಿಯದ ಕವರ್ ಹಾಕಿ. ಸೆಲ್ಲೋಟೇಪು ಗ್ಲಾಸೀನ್ ಹತ್ತಿರವೂ ಸುಳಿಯಬಾರದು. ಸ್ಪೀಡ್ ಪೋಸ್ಟ್ ರಸೀತಿಯ ಫೋಟೊ ತೆಗೆದಿಡಿ.

ವಾಪಸಿನ ನಿಯಮ ಮೊದಲೇ ಬರೆದಿರಲಿ: ಎಷ್ಟು ದಿನದೊಳಗೆ, ಅಂಚೆ ಖರ್ಚು ಯಾರದು, ಪ್ರಮಾಣಪತ್ರಕ್ಕೆ ಕಳಿಸಬೇಕೆಂದರೆ ಗಡುವು ಎಷ್ಟು. ನೀವು ಬರೆಯದ ದೋಷ ನಿಜವಾಗಿಯೂ ಇದ್ದರೆ ವಾದ ಮಾಡದೆ ಪೂರ್ತಿ ಹಣ, ಅಂಚೆ ಖರ್ಚು ಸೇರಿಸಿ ಕೊಡಿ.

ವಾಪಸ್ ಬಂದ ಸ್ಟ್ಯಾಂಪ್ ನಿಮ್ಮದೇ ಹೌದೇ ಎಂದು ನೋಡದೆ ಹಣ ಹಾಕಬೇಡಿ. ಒಳ್ಳೆಯದನ್ನು ಇಟ್ಟುಕೊಂಡು ತಮ್ಮ ಹಾಳಾದ ಪ್ರತಿಯನ್ನು ಕಳಿಸುವವರೂ ಇದ್ದಾರೆ. ಕುಗ್ಗಿಸದ ಮೂಲ ಸ್ಕ್ಯಾನ್ ಇಟ್ಟುಕೊಂಡಿದ್ದರೆ ಇದು ಐದು ನಿಮಿಷದ ಕೆಲಸ. ಬಂದದ್ದನ್ನು ಅದೇ ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಪಕ್ಕಪಕ್ಕ ಇಡಿ. ಹಲ್ಲಿನ ತುದಿಗಳು ಮುರಿದಿರುವ ರೀತಿ, ಸೀಲು ಚಿತ್ರದ ಮೇಲೆ ಬಿದ್ದ ಜಾಗ, ಅಂಚಿನ ಅಗಲ ಎರಡು ಪ್ರತಿಗಳಲ್ಲಿ ಪೂರ್ತಿ ಹೊಂದುವುದು ತೀರಾ ಅಪರೂಪ. ಹೊಂದದಿದ್ದರೆ ಎರಡೂ ಸ್ಕ್ಯಾನ್‌ಗಳನ್ನು ಒಂದೇ ಚಿತ್ರವಾಗಿ ಜೋಡಿಸಿ, ವ್ಯತ್ಯಾಸ ಇರುವ ಜಾಗಕ್ಕೆ ಗುರುತು ಹಾಕಿ, ನೀವು ಮಾರಿದ ತಾಣದ ದೂರು ವಿಭಾಗಕ್ಕೆ ರಸೀತಿಯ ಜೊತೆ ಕಳಿಸಿ.